ಹೊಸವಾಡಿಯ ಪಡುವಣ ಬಾಗಿಲು

ತಲೆ ಯಾವ ಕಡೆಗೆ ಬರಬೇಕು, ಮೂಡಣಕ್ಕೋ ಪಡುವಣಕ್ಕೋ? ಸುಣ್ಣದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತು ಅರ್ಧ ತಾಸಾಗಿತ್ತು. ಧರೆಪ್ಪ ಇನ್ನೂ ಗೆರೆ ಎಳೆದಿರಲಿಲ್ಲ. ಅವನ ಮಂದಿಯಲ್ಲಿ ಸತ್ತವರನ್ನು ಕುಣಿಯೊಳಗೆ ಕೂಡಿಸುತ್ತಾರೆ. ಮಲಗಿಸುವ ಕುಣಿಯನ್ನು ಅವನು ತನ್ನ ಅರವತ್ತಾರು ವರ್ಷದಲ್ಲಿ ಒಮ್ಮೆಯೂ ತೋಡಿಸಿರಲಿಲ್ಲ. ಯಾರನ್ನಾದರೂ ಕೇಳಿದರೆ ಮುಗಿಯಿತು. ಆದರೆ ಕೇಳುವುದಕ್ಕೂ ಅಂಜಿಕೆ, ಕೇಳದೆ ಗೆರೆ ಎಳೆಯುವುದಕ್ಕೂ ಅಂಜಿಕೆ. ಹದಿನಾಲ್ಕು ವರ್ಷದ ಹಿಂದೆ, ಈಗ ಸತ್ತಿರುವ ಇದೇ ಮನುಷ್ಯನ ಕೆಲಸದಲ್ಲಿ ಕೇಳದೆ ಗೆರೆ ಎಳೆದಿದ್ದ.

ದ್ರಾಕ್ಷಿ ತೋಟದ ಸಾಲಿನಿಂದ ಅಣ್ಣಾಸಾಬ ಹೊರಗೆ ಬಂದರು. ಹೊಲ ಅವರದು, ಸತ್ತವರು ಅವರ ಅಕ್ಕನ ಗಂಡ.

“ಏನ್ ಧರೆಪ್ಪಾ, ಇನ್ನೂ ಗೆರಿ ಹಾಕಿಲ್ಲ? ಆಳು ಗುದ್ದಲಿ ಹಿಡಕೊಂಡು ಬೀಡಿ ಸೇದಾಕತ್ತಾರ.”

“ದಿಕ್ಕ ಯಾವುದ್ರಿ ಸಾವಕಾರ?”

“ನಮ್ಮೊಳಗ ಸುಡ್ತೀವಿ. ನನಗೇನ ಗೊತ್ತು?” ಅಣ್ಣಾಸಾಬರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. “ಮಿರಜದಿಂದ ಪಾದ್ರಿಗಳು ಬರ್ತಾರ ಹನ್ನೊಂದಕ್ಕ. ಅವರನ್ನ ಕೇಳಿದ್ರಾತು.”

“ಅವರು ಬಂದ ಮ್ಯಾಲ ಹಚ್ಚಿದ್ರ ಹೊತ್ತ ಮುಣಗತೈತ್ರಿ. ಈ ಕರಿ ಮಣ್ಣ ಲಗೂನ ಬಿಡೂದಿಲ್ಲ.”

“ಹಂಗಾದ್ರ ಅಕ್ಕನ್ನ ಕೇಳ, ಹೋಗ. ಮನಿ ಮುಂದ ಕುಂತಾಳ.”

ಧರೆಪ್ಪ ನೆಲ ನೋಡಿದ. “ನೀವಽ ಕೇಳಿ ಬರ್ರಿ,” ಎಂದ.

ಅಣ್ಣಾಸಾಬರು ಅವನನ್ನು ಒಮ್ಮೆ ವಿಚಿತ್ರವಾಗಿ ನೋಡಿ ಹೋದರು. ಬೇಗ ತಿರುಗಿ ಬಂದರು. “ತಲಿ ಪಡುವಲಕ್ಕ, ಕಾಲು ಮೂಡಲಕ್ಕ. ಎದ್ದ ಕುಂತ್ರ ಸೂರ್ಯಾ ಎದುರಿಗೆ ಇರಬೇಕಂತ ಅವರೊಳಗ.”

“ಮತ್ತೊಮ್ಮೆ ಹೇಳ್ರಿ.”

“ತಲಿ ಪಡುವಲಕ್ಕೋ ಮಾರಾಯಾ.”

“ಅಕ್ಕಾರು ಹಂಗಽ ಅಂದ್ರು ಹೌದಲ್ರಿ?”

“ಬರಸಿಕೊಂಡು ಬರ್ಲೇನು?” ಎಂದರು ಅಣ್ಣಾಸಾಬ. ಗುದ್ದಲಿಯವರು ನಕ್ಕರು. ಧರೆಪ್ಪ ನಗಲಿಲ್ಲ. ಬಗ್ಗಿ, ದಾರ ಹಿಡಿದು, ಮುಷ್ಟಿಯ ಸುಣ್ಣವನ್ನು ತೆಳ್ಳಗೆ ಬಿಡುತ್ತ ಹೋದ.

*

ತೀರಿಕೊಂಡ ಲೂಕಾ ಚಿಸೆಂಗಾ ಆಫ್ರಿಕಾದ ಜಾಂಬಿಯಾದವರು. ಅರವತ್ತರ ದಶಕದಲ್ಲಿ ವಾಸ್ತುಶಿಲ್ಪ ಕಲಿಯಲು ಪುಣೆಗೆ ಬಂದು, ಅಲ್ಲಿ ನರ್ಸಿಂಗ್ ಓದುತ್ತಿದ್ದ ಶೇಡಬಾಳದ ಜೈನರ ಮಗಳು, ಅಣ್ಣಾಸಾಬರ ಅಕ್ಕ ರಾಜಮತಿಯನ್ನು ಮದುವೆಯಾದರು. ಇಬ್ಬರೂ ಲುಸಾಕಾಕ್ಕೆ ಹೋದರು. ಅಲ್ಲಿಯ ನಗರಸಭೆಯಲ್ಲಿ ಹನ್ನೆರಡು ವರ್ಷ ಅವರದು ಊರು ಕಟ್ಟುವ ಕೆಲಸ. ನಗರದ ಅಂಚಿನ ಗುಡಿಸಲುಗಳನ್ನು ಬುಲ್ಡೋಜರಿನಿಂದ ಕೆಡವಬೇಕೆಂದು ದೊಡ್ಡವರು ಹೇಳುವಾಗ, ಗುಡಿಸಲು ಅಲ್ಲಿಯೇ ಇರಲಿ, ನಾವು ನೀರನ್ನೂ ದಾರಿಯನ್ನೂ ಅವುಗಳ ನಡುವೆ ಒಯ್ಯೋಣ ಎಂದು ಹಟ ಹಿಡಿದವರು. ಆ ಹಟದಿಂದ ಕೆಲವು ಕೇರಿಗಳು ಉಳಿದವು. ಕಡೆಗೆ ಅವರ ನೌಕರಿ ಉಳಿಯಲಿಲ್ಲ. ಎಂಬತ್ತರಲ್ಲಿ ಗಂಡಹೆಂಡತಿ ಎರಡು ಪೆಟ್ಟಿಗೆ ಮತ್ತು ಒಂದು ತಗಡಿನ ಕೊಳವೆ ತುಂಬ ಸುತ್ತಿದ ನಕ್ಷೆಗಳೊಂದಿಗೆ ಶೇಡಬಾಳ ಸ್ಟೇಷನ್ನಿನಲ್ಲಿ ಇಳಿದರು.

ಎಂಬತ್ತೆರಡರ ಮಳೆಗಾಲದಲ್ಲಿ ಕೃಷ್ಣೆ ಏರಿ, ಅಥಣಿ ತಾಲೂಕಿನ ನದಿದಂಡೆಯ ಒಂದು ವಾಡಿಯನ್ನು ಒಯ್ದಳು. ನಲವತ್ತಾರು ಒಕ್ಕಲು ಶಾಲೆಯ ಕೋಣೆಗಳಲ್ಲಿ ಬಂದು ಬಿದ್ದವು. ಪರಿಹಾರಕ್ಕೆ ಬಂದ ಸಂಸ್ಥೆಯೊಂದು ದಂಡೆಯಿಂದ ಮೇಲೆ, ಬೋಳು ಏರಿನಲ್ಲಿ, ಹೊಸವಾಡಿ ಎಂಬ ಹೊಸ ಊರು ಕಟ್ಟಿಕೊಡಲು ಮುಂದಾಯಿತು. ಊರನ್ನು ಬರೆಯುವ ಕೆಲಸ ಚಿಸೆಂಗಾ ಸಾಹೇಬರಿಗೆ ಬಂತು. ಗೋಡೆ ಕಟ್ಟುವ ಗೌಂಡಿಯಾಗಿ ಪಾಲಬಾವಿಯ ಧರೆಪ್ಪನನ್ನು ಕರೆಸಿದರು.

ಮೊದಲ ದಿನ ಮಾಳಸಿದ್ದ ಎಂಬ ಕುರಿಗಾರ ಸಾಹೇಬರ ಸುತ್ತ ಒಂದು ಸುತ್ತು ಬಂದು, “ಹಳಿಯಾಳದ ಕಡ್ಯಾವ್ರೇನ್ರಿ?” ಎಂದು ಕೇಳಿದ್ದ. ಆ ಕಡೆಯ ಅಡವಿಯ ಸಿದ್ದಿಯವರನ್ನು ಅವನು ಕುರಿ ಹೊಡೆದುಕೊಂಡು ಹೋದಾಗ ನೋಡಿದ್ದ.

“ಅದಕ್ಕಿಂತ ಸ್ವಲ್ಪ ಆಚೆ,” ಎಂದರು ಸಾಹೇಬರು. ಅವರ ಕನ್ನಡ ಪುಸ್ತಕದ ಕನ್ನಡ. ನಡುನಡುವೆ ಪುಣೆಯ ಮರಾಠಿ. “ಸಮುದ್ರ ದಾಟಬೇಕು.”

“ಕುರಿ ಅದಾವೇನ್ರಿ ಅಲ್ಲಿ?”

“ಇವೆ. ನಿನ್ನ ಕುರಿಗಿಂತ ಸೊಕ್ಕಿನವು.”

ಅಂದಿನಿಂದ ಮಾಳಸಿದ್ದ ಅವರನ್ನು ಬಿಡಲಿಲ್ಲ.

ಕಾಗದ ಬಿಚ್ಚುವ ಮೊದಲು ಸಾಹೇಬರು ಹದಿನೈದು ದಿನ ಶಾಲೆಯ ಕಟ್ಟೆಯ ಮೇಲೆ ಕುಳಿತು ಹೆಂಗಸರನ್ನು ಒಬ್ಬೊಬ್ಬರಾಗಿ ಕೇಳಿದರು. ಹೆಪ್ಪಿಗೆ ಮಜ್ಜಿಗೆ ಯಾರ ಮನೆಯಿಂದ ತರುತ್ತಿ? ಹೊಲಕ್ಕೆ ಹೋಗುವಾಗ ಕೂಸನ್ನು ಯಾರ ಹತ್ತಿರ ಬಿಡುತ್ತಿ? ನೀರಿನ ಹತ್ತಿರ ಯಾರ ಜೊತೆ ಜಗಳ? ಇದೇನು ಸರಕಾರಿ ಪ್ರಶ್ನೆ ಎಂದು ಮಲಕವ್ವ ಎಂಬಾಕೆ ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು. ಮಜ್ಜಿಗೆಯವರನ್ನು ಅಕ್ಕಪಕ್ಕ ಇಟ್ಟು, ಜಗಳದವರ ನಡುವೆ ಎರಡು ಮನೆ ಬಿಟ್ಟು ಅವರು ಸಾಲು ಬರೆದರು. ಮೂಡಲಬಾಗಿಲು ಇರಲಿ ಎಂದು ಎಲ್ಲರೂ ಕೇಳಿದರು. ಆಗಲಿ ಎಂದರು.

ನಕ್ಷೆ ಕೈಗೆ ಕೊಟ್ಟ ಮರುದಿನವೇ ಅವರಿಗೆ ಕಾಮಾಲೆಯಾಗಿ ಮಿರಜ ಆಸ್ಪತ್ರೆ ಸೇರಿದರು. ಇತ್ತ ಮಳೆಗಾಲದೊಳಗೆ ಮನೆಗಳ ಮೇಲೆ ಹೆಂಚು ಏರಬೇಕಿತ್ತು. ಧರೆಪ್ಪ ನಕ್ಷೆಯನ್ನು ಏರಿನ ಮೇಲೆ ಹಾಸಿ ನಾಲ್ಕು ಮೂಲೆಗೆ ಕಲ್ಲಿಟ್ಟ. ಅಕ್ಷರ ಅವನಿಗೆ ಬಾರವು, ಗೆರೆ ಬರುತ್ತಿದ್ದವು. ಇಪ್ಪತ್ತು ವರ್ಷ ರಾಯಬಾಗ, ಮುಗಳಖೋಡದ ಕಡೆ ಕಾಲುವೆಗೆ ಕಲ್ಲು ಕಟ್ಟಿದವನು. ಕಾಲುವೆಯ ಕಾಗದಗಳಲ್ಲಿ ಒಂದು ಬಾಣ ಇರುತ್ತಿತ್ತು, ನೀರು ಹರಿಯುವ ದಿಕ್ಕಿಗೆ. ಇಲ್ಲಿಯೂ ಮೂಲೆಯಲ್ಲಿ ಬಾಣ ಇತ್ತು. ನೆಲ ತೆಂಕಣಕ್ಕೆ, ಹೊಳೆಯ ಕಡೆಗೆ ಇಳಿಜಾರು. ನೀರು ಇತ್ತಲೇ ಹೋಗಬೇಕು. ಧರೆಪ್ಪ ಕಾಗದವನ್ನು ತಿರುಗಿಸಿ, ಬಾಣವನ್ನು ಹೊಳೆಗೆ ಹಚ್ಚಿದ. ಬಾವಿ ನಕ್ಷೆಯ ನಟ್ಟನಡುವೆ ಇದ್ದುದರಿಂದ ಯಾವುದೂ ಅಡ್ಡ ಬರಲಿಲ್ಲ. ಮೂಡಲಬಾಗಿಲಿನ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಸುಣ್ಣ ಹಾಕಿಸಿ ಪಾಯ ತೋಡಿಸಿದ.

*

ಹತ್ತರ ಹೊತ್ತಿಗೆ ಹೊಸವಾಡಿಯವರು ಮಣ್ಣಿಗೆಂದು ಟ್ರ್ಯಾಕ್ಟರಿನಲ್ಲಿ ಬಂದರು. ಹೆಂಗಸರು ಅಳುತ್ತಲೇ ಇಳಿದು, ಮನೆಯ ಮುಂದೆ ಬಿಳಿ ಬಟ್ಟೆ ಹೊದಿಸಿದ್ದ ಸಾಹೇಬರ ಕಾಲು ಮುಟ್ಟಿ, ರಾಜಮತಿಯ ಬಳಿ ಸ್ವಲ್ಪ ಹೊತ್ತು ಕುಳಿತು, ಆಮೇಲೆ ಅಂಗಳದ ಬೇವಿನ ಬುಡಕ್ಕೆ ಬಂದರು. ಧರೆಪ್ಪನೂ ಕುಣಿಯ ಅಳತೆ ನೋಡಿಕೊಂಡು ಅಲ್ಲಿಗೇ ಬಂದ. ಅವನ ಮೂಗಿನ ಮೇಲೆ ಸುಣ್ಣ ಮೆತ್ತಿತ್ತು.

“ಧರೆಪ್ಪಣ್ಣಾ, ಮುಂಜಾನೆ ಏನರೆ ತಿಂದೀಯೋ ಇಲ್ಲೋ?” ಮಲಕವ್ವ ಕೇಳಿದಳು.

“ತಿಂತೀನಿ ಬಿಡವ್ವಾ.”

“ಸಾಹೇಬ್ರ ಮನಿಗಿ ಬಂದ್ರ ಚಹಾ ಇಲ್ಲದ ಬಿಡ್ತಿರಲಿಲ್ಲ ಯಾರನ್ನೂ.” ಮಲಕವ್ವ ಮೂಗು ಒರೆಸಿಕೊಂಡಳು. “ನಮ್ಮ ಹುಡುಗಿ ಲಗ್ನಕ್ಕ ಬಂದಾಗ ಪಡಸಾಲ್ಯಾಗ ಕುಂತ್ರು, ಏಳಾಕಽ ಒಲ್ರು. ಬ್ಯಾಸಗಿ ಅದು. ‘ಮಲಕವ್ವಾ, ತಂಪೈತಲ್ಲ’ ಅಂದ್ರು. ‘ತಂಪೈತ್ರಿ, ಆಚಿ ಸರಕಾರಿ ಕಾಲೋನಿ ಮಂದಿ ಮಧ್ಯಾನ ಇಲ್ಲೇ ಬಂದು ಒರಗತಾರ’ ಅಂದೆ. ಏನೋ ಖುಷಿ ಆತು ನೋಡು ಮನಿಶ್ಯಾಗ.”

“ಅದೆಲ್ಲಾ ಖರೇ,” ಎಂದ ಮಾಳಸಿದ್ದ. ಈಗ ಮುದುಕನಾಗಿದ್ದ, ಕಂಬಳಿ ಮಾತ್ರ ಹಾಗೇ ಇತ್ತು. “ಆದ್ರ ಬಾಗಲಾ ಒಂದ ಪಡುವಲಕ್ಕ ಮಾಡಿಬಿಟ್ರು ನೋಡ್ರಿ. ಅದೊಂದು ತಪ್ಪಿತು.”

“ಸತ್ತವರ ಮುಂದ ಅದನ್ನಽ ತಗೀಬೇಕೇನ್ ಮಾವಾ?” ಎಂದಳು ಮಲಕವ್ವ.

“ಬೈದ ಹೇಳ್ಲಿಲ್ಲಬೇ. ಅವರಽ ಒಪ್ಪಿಕೊಂಡಿದ್ರು. ‘ಮಾಳಸಿದ್ದಾ, ಅದು ನನ್ನ ತಪ್ಪು, ಕ್ಷಮಿಸು’ ಅಂದಿದ್ರು. ಅಷ್ಟು ಓದಿದಾಂವ ಕುರಿ ಕಾಯಾಂವಗ ಕ್ಷಮಿಸು ಅಂದ. ನಾ ಏನ ಹೇಳಲಿ? ‘ಇರಲಿ ಬಿಡ್ರಿ, ಕುರಿಗಿ ದಿಕ್ಕಿಲ್ಲ’ ಅಂದೆ.”

ಅಳುವ ನಡುವೆಯೂ ಹೆಂಗಸರು ನಕ್ಕರು. ಮಲಕವ್ವ ಬುತ್ತಿಯಿಂದ ರೊಟ್ಟಿ ಮುರಿದು ಧರೆಪ್ಪನ ಕೈಗೆ ಕೊಟ್ಟಳು. ಅವನು ಅದನ್ನು ಹಿಡಿದುಕೊಂಡೇ ಕುಳಿತ. ಇವತ್ತು ಹೇಳದಿದ್ದರೆ ಮುಗಿಯಿತು. ಇನ್ನು ಎರಡು ತಾಸಿನಲ್ಲಿ ಮಣ್ಣು ಬೀಳುತ್ತದೆ. ಆಮೇಲೆ ಹೇಳಿದರೆ ಅದು ಬರಿಯ ಮಾತು.

*

ಪಾಯ ತೋಡಿದ ಮೂರು ವಾರದ ಮೇಲೆ ಸಾಹೇಬರು ಆಸ್ಪತ್ರೆಯಿಂದ ನೇರ ಹೊಸವಾಡಿಗೆ ಬಂದಿದ್ದರು. ಅಂಗಿ ಹೆಗಲಿನಿಂದ ಜೋತು ಬೀಳುತ್ತಿತ್ತು. ಅಷ್ಟರಲ್ಲಿ ನಲವತ್ತಾರು ಪಾಯ ತುಂಬಿ ಗೋಡೆಗಳು ಮೊಣಕಾಲೆತ್ತರ ಎದ್ದಿದ್ದವು. ಜೊತೆಗಿದ್ದ ಸಂಸ್ಥೆಯ ಎಂಜಿನಿಯರ್ ನಕ್ಷೆ ಬಿಡಿಸಿ ಒಮ್ಮೆ ನೋಡಿದ, ಗೋಡೆಗಳನ್ನು ನೋಡಿದ, ಮತ್ತೆ ನಕ್ಷೆ ನೋಡಿದ.

“ಏ ಗೌಂಡಿ, ಏನ್ ಮಾಡಿದಿ ಇದು? ಬಾಣ ಬಡಗಲ ತೋರಸ್ತೈತಿ. ನೀ ತೆಂಕಲಕ್ಕ ಹಚ್ಚಿದಿ. ಊರಿಗೆ ಊರಽ ತಿರುವಿ ಇಟ್ಟೀಯಲ್ಲೋ!”

ಧರೆಪ್ಪ ಕೈಯ ಕರಣಿ ಕೆಳಗಿಟ್ಟ. ಆಳುಗಳೆಲ್ಲ ಬುಟ್ಟಿ ಇಳಿಸಿ ನಿಂತರು.

ಸಾಹೇಬರು ನಕ್ಷೆಯನ್ನು ಕೈಗೆ ತೆಗೆದುಕೊಂಡರು. ನೆತ್ತಿಯ ಹೊತ್ತು. ಅವರು ಕಾಗದ ನೋಡಲಿಲ್ಲ. ತಲೆ ಎತ್ತಿ ಸೂರ್ಯನನ್ನು ನೋಡಿದರು. ಆಮೇಲೆ ತಮ್ಮ ಕಾಲ ಬಳಿಯ ನೆರಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಕಾಮಾಲೆ ಇಳಿದ ಮುಖದಲ್ಲಿ ಏನೋ ಬಂದು ಹೋಯಿತು. ಸಿಟ್ಟಿರಬೇಕು ಎಂದುಕೊಂಡ ಧರೆಪ್ಪ.

“ನಾನೇ ತಿರುಗಿಸಲು ಹೇಳಿದ್ದೆ,” ಎಂದರು ಸಾಹೇಬರು.

“ಯಾವಾಗ್ರಿ?”

“ಆಸ್ಪತ್ರೆಯಿಂದ ಹೇಳಿ ಕಳಿಸಿದೆ. ಗೌಂಡಿಯ ತಪ್ಪಿಲ್ಲ. ಹಾಗೆಯೇ ಇರಲಿ.”

ಅಂಥ ಮಾತು ಯಾರೂ ಹೇಳಿ ಕಳಿಸಿರಲಿಲ್ಲ. ಅದು ಇಬ್ಬರಿಗೇ ಗೊತ್ತಿತ್ತು. ಮಳೆಗಾಲದ ಹೊತ್ತಿಗೆ ಹೆಂಚು ಏರಿದವು, ಒಕ್ಕಲು ಒಳಗೆ ಬಂದವು. ಮೂಡಲಬಾಗಿಲು ಕೇಳಿದವರಿಗೆ ಪಡುವಲಬಾಗಿಲು ಸಿಕ್ಕಿತು. ಬಂದವರ ಮುಂದೆಲ್ಲ ಸಾಹೇಬರು ತಮ್ಮ ತಪ್ಪೆಂದೇ ಹೇಳಿದರು. ಚಿಕ್ಕೋಡಿಯಿಂದ ಜೀಪಿನಲ್ಲಿ ಅಧಿಕಾರಿಗಳು ಬಂದು, ನಕ್ಷೆಗೂ ನೆಲಕ್ಕೂ ತಾಳೆ ಇಲ್ಲ ಎಂದು ಬರೆದುಕೊಂಡು ಹೋದರು. ಸಾಹೇಬರು ಮುಂದೆ ಕಟ್ಟಬೇಕಿದ್ದ ಮೂರು ಊರುಗಳ ಕೆಲಸ ಬೇರೆಯವರಿಗೆ ಹೋಯಿತು. ಅವರು ಚಿಕ್ಕೋಡಿಯಲ್ಲಿ ಹುಡುಗರಿಗೆ ನಕ್ಷೆ ಬರೆಯುವುದನ್ನು ಕಲಿಸಿದರು. ನಿಪ್ಪಾಣಿಯಲ್ಲಿ ತಂಬಾಕಿನ ಕೆಲಸದ ಹೆಂಗಸರಿಗೆ ಒಂದು ಸಣ್ಣ ಕೇರಿ ಕಟ್ಟಿಸಿದರು. ಆಫ್ರಿಕಾದಲ್ಲಿ ನಗರ ಬರೆದ ಮನುಷ್ಯ ಹುಡುಗರ ಪೆನ್ಸಿಲ್ಲು ಕೆತ್ತುತ್ತ ಕುಳಿತದ್ದು ತನ್ನಿಂದ ಎಂದು ಧರೆಪ್ಪನಿಗೆ ಸಂಶಯವೇ ಇರಲಿಲ್ಲ.

ವರ್ಷಕ್ಕೆ ಎರಡು ಮೂರು ಸಲ ಶೇಡಬಾಳಕ್ಕೆ ಬರುತ್ತಿದ್ದ. ಹೇಳಲೆಂದೇ ಬರುತ್ತಿದ್ದ. ಸಾಹೇಬರು ಚಹಾ ತರಿಸುತ್ತಿದ್ದರು. ಇಬ್ಬರೂ ಬಟ್ಟಲಿನ ತಳ ನೋಡುತ್ತ ಕುಡಿಯುತ್ತಿದ್ದರು. ಒಮ್ಮೊಮ್ಮೆ ಸಾಹೇಬರೂ ಏನೋ ಹೇಳಲು ಬಾಯಿ ತೆರೆದಂತೆ ಮಾಡಿ, “ಮಳೆ ಹೇಗಿದೆ ಪಾಲಬಾವಿಯಲ್ಲಿ?” ಎಂದು ಕೇಳುತ್ತಿದ್ದರು. ಮಳೆಯ ಮಾತಾಡಿ ಧರೆಪ್ಪ ಕಡೆಯ ಬಸ್ಸು ಹಿಡಿಯುತ್ತಿದ್ದ.

*

ಪಾದ್ರಿಗಳು ಬಂದದ್ದು ಹನ್ನೆರಡಕ್ಕೆ. ಅವರು ಬಟ್ಟೆ ಬದಲಿಸಲು ಒಳಗೆ ಹೋದಾಗ ರಾಜಮತಿಯ ಬಳಿ ಯಾರೂ ಇರಲಿಲ್ಲ. ಧರೆಪ್ಪ ಹೋಗಿ, ಸಾಹೇಬರ ಕಾಲ ಬಳಿ ನೆಲಕ್ಕೆ ಕುಕ್ಕರಿಸಿದ.

“ಬಾಯಾರ, ಒಂದ ಮಾತ ಐತ್ರಿ.”

“ಹೇಳ ಧರೆಪ್ಪಾ. ಕುಣಿ ಆತು?”

“ಆತ್ರಿ. ತಲಿ ಪಡುವಲಕ್ಕಽ ಐತಿ.” ಹೆಣದ ಕಡೆ ನೋಡಿ ಹೇಳಬೇಕೋ ಆಕೆಯ ಕಡೆ ನೋಡಿ ಹೇಳಬೇಕೋ ತಿಳಿಯದೆ ನಡುವಿನ ನೆಲ ನೋಡಿದ. “ಹೊಸವಾಡಿ ತಿರುವಿದಾಂವ ನಾ ರೀ. ಸಾಹೇಬ್ರು ಹೇಳಿ ಕಳಸಿರಲಿಲ್ಲ. ಬಾಣ ಕಂಡೆ, ನೀರಿನ ದಿಕ್ಕ ಅಂತ ತಿಳದೆ. ಅವರು ನನ್ನ ತಪ್ಪ ತಮ್ಮ ತಲಿ ಮ್ಯಾಲ ತಗೊಂಡ್ರು. ಅದರಿಂದ ಅವರ ಕೆಲಸಾ ಹೋತು. ಅವರು ಬದುಕಿದ್ದಾಗ ಹೇಳಾಕ ಆಗಲಿಲ್ಲ.”

ರಾಜಮತಿ ಅವನನ್ನೇ ನೋಡುತ್ತಿದ್ದರು. ಎರಡು ದಿನ ನಿದ್ದೆ ಇಲ್ಲದ ಕಣ್ಣು.

“ಹದಿನಾಲ್ಕ ವರ್ಷ ಇದನ್ನ ಹೊತಗೊಂಡು ತಿರಗಿದಿ?”

“ಹೌದ್ರಿ.”

“ಇಬ್ಬರೂ ಹುಚ್ಚರು,” ಎಂದರು ರಾಜಮತಿ. ದನಿಯಲ್ಲಿ ಸಿಟ್ಟಿರಲಿಲ್ಲ. “ಧರೆಪ್ಪಾ, ಆ ನಕಾಶೆ ಹೊಸವಾಡಿಗೆ ಬರದದ್ದಲ್ಲ. ಸಾಲು ಅಷ್ಟಽ ಹೊಸಾದು. ಮನಿ ಲುಸಾಕಾದ್ದು. ಅಲ್ಲಿ ಕಟ್ಟಿದ್ರು, ಅದನ್ನಽ ತಗದು ಇಲ್ಲಿ ಇಟ್ರು, ಅವಸರದಾಗ. ಆಗಲೇ ಮೈಯಾಗ ಜ್ವರಾ ಇತ್ತು.”

“ಅದ್ರಾಗ ತಪ್ಪೇನ್ರಿ?”

“ಅಲ್ಲಿ ಸೂರ್ಯಾ ವರ್ಷದಾಗ ಬಹಳ ದಿನಾ ಬಡಗಲ ಕಡೆ ಹಾದು ಹೋಗತಾನ, ಇಲ್ಲಿ ತೆಂಕಲ ಕಡೆ. ಅಲ್ಲಿ ನೆರಳಿಗೆ ಪಡಸಾಲಿ ಬಡಗಲ ಇರಬೇಕು, ಬೋಳ ಗ್ವಾಡಿ ತೆಂಕಲ.”

ಧರೆಪ್ಪ ನಂಬದೆ ನೋಡಿದ. “ಸೂರ್ಯಾ ಎಲ್ಲಾ ಕಡೆ ಒಂದಽ ಅಲ್ರಿ ಬಾಯಾರ?”

“ಒಂದಽ. ನಿಂತ ಜಾಗಾ ಬ್ಯಾರೆ. ಹನ್ನೆರಡ ವರ್ಷ ಅಲ್ಲಿ ಸಂಡಿಗಿ ಒಣಗಸೀನಿ, ನನಗ ಗೊತ್ತಿಲ್ಲೇನು? ಮೊದಲನೇ ವರ್ಷ ತೆಂಕಲ ಅಂಗಳದಾಗ ಹಾಕಿದೆ, ನೆರಳ ಬಿದ್ದು ಬೂಸರ ಬಂದೂವು. ಬಡಗಲಕ್ಕ ಹಾಕಾಕ ಅವರಽ ಕಲಿಸಿದ್ರು. ನನಗ ಕಲಿಸಿದಾಂವ ಇಲ್ಲಿ ಬಂದು ತಾನಽ ಮರತ.” ಅವರು ಗಂಡನ ಪಾದದ ಮೇಲಿನ ಬಟ್ಟೆ ಸರಿಮಾಡಿದರು. “ನೀ ಅವರು ಬರದ ನಕಾಶೆ ಪ್ರಕಾರ ಕಟ್ಟಿದ್ದಿ ಅಂದ್ರ ತೆಂಕಲ ಬಿಸಲಿಗೆ ಬೋಳ ಗ್ವಾಡಿ ಬರ್ತಿತ್ತು. ನಲವತ್ತಾರು ಮನಿ ರೊಟ್ಟಿ ಹಂಚು ಕಾದಂಗ ಕಾಯ್ತಿದ್ದು. ಆಸ್ಪತ್ರಿಯಿಂದ ಬಂದ ದಿನಾ ಹೊಸವಾಡಿ ನೋಡಿ ಮನಿಗೆ ಬಂದ್ರು, ಉಣ್ಣಲಿಲ್ಲ. ‘ಆ ಗೌಂಡಿ ಇಲ್ಲದಿದ್ದರೆ ಊರನ್ನೇ ಸುಡುತ್ತಿದ್ದೆ’ ಅಂದ್ರು.”

ಒಂದು ಇರುವೆ ಧರೆಪ್ಪನ ಕೈ ಹತ್ತಿ ಇಳಿಯಿತು.

“ಮತ್ತ ಆ ಮೂರ ಊರು?”

“ಅವರಽ ಬಿಟ್ರು. ಅದಽ ನಕಾಶೆ ಕೊಡ್ರಿ, ಲಗೂ ಮುಗಸ್ರಿ ಅಂದ್ರು ಮಂದಿ. ಇವರು ಹೊಸಾದು ಬರಿಯಾಕ ಆರು ತಿಂಗಳು ಕೇಳಿದ್ರು. ಕೊಡಲಿಲ್ಲ. ನಿಪ್ಪಾಣಿಗಿ ಹೋದ್ರು. ಅಲ್ಲಿ ನೆಲದ ಮ್ಯಾಲ ಒಂದು ಕೋಲು ನಿಲ್ಲಿಸಿ ವರ್ಷಾನಗಟ್ಟಲೆ ನೆರಳ ಅಳದು ಆಮ್ಯಾಲ ಬರದ್ರು. ಹುಡುಗರಿಗೂ ಅದನ್ನಽ ಕಲಿಸಿದ್ರು. ಖುಷಿಲೇ ಇದ್ರು ಧರೆಪ್ಪಾ. ನೀ ಏನ್ ತಿಳಕೊಂಡಿ?”

“ನನಗ ಒಮ್ಮೆ ಹೇಳಿದ್ರ ಆಗತಿತ್ತಲ್ರಿ,” ಎಂದ ಧರೆಪ್ಪ.

“ನಾಚಿಕಿ. ಅಷ್ಟ ವರ್ಷ ಮನಿ ಬರದಾಂವ ಸೂರ್ಯಾನ್ನ ಮರತೀನಿ ಅಂತ ಯಾರ ಮುಂದ ಹೇಳಬೇಕು? ಪ್ರತಿ ಸಲ ನೀ ಬಂದಾಗ, ‘ಇವತ್ತು ಹೇಳ್ತೀನಿ’ ಅಂತಿದ್ರು. ಚಹಾ ಕುಡದು ಕಳಸ್ತಿದ್ರು.”

ಒಳಗಿಂದ ಪಾದ್ರಿಗಳು ಬಂದರು. ಅಣ್ಣಾಸಾಬರು ಹೊರುವವರನ್ನು ಕೂಗಿದರು. ಧರೆಪ್ಪ ಏಳಲು ಹೋದ, ಮೊಣಕಾಲು ಹಿಡಿದಿತ್ತು. ರಾಜಮತಿ ಕೈ ಕೊಟ್ಟು ಎಬ್ಬಿಸಿದರು. ಅವನು ಹೆಗಲು ಕೊಡುವವರ ನಡುವೆ ನುಗ್ಗಿ ಒಂದು ಮೂಲೆ ಹಿಡಿದ. ದ್ರಾಕ್ಷಿಯ ಸಾಲುಗಳ ನಡುವೆ ನಡೆದರು. ಹೆಗಲ ಮೇಲೆ ಭಾರ ಇತ್ತು, ಆದರೂ ಅವನಿಗೆ ಉಸಿರು ಸಲೀಸಾಗಿ ಬರುತ್ತಿತ್ತು. ಪಾದ್ರಿಗಳು ಓದಿದರು. ಹೊಸವಾಡಿಯ ಹೆಂಗಸರು ತಮ್ಮ ಪದ್ಧತಿಯಂತೆ ಅರಿಸಿನದ ಭಂಡಾರ ಎರಚಿದರು. ಪಾದ್ರಿಗಳು ಬೇಡ ಅನ್ನಲಿಲ್ಲ. ಮಣ್ಣು ಕೊಟ್ಟ ಮೇಲೆ ಧರೆಪ್ಪ ಸಲಿಕೆಯ ಬೆನ್ನಿನಿಂದ ದಿಬ್ಬವನ್ನು ತಟ್ಟಿ ತಟ್ಟಿ ಮಟ್ಟ ಮಾಡಿದ.

*

ತಿರುಗಿ ಹೋಗುವಾಗ ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಅವನಿಗೂ ಜಾಗ ಸಿಕ್ಕಿತು. ಅಥಣಿಯವರೆಗೆ ಬಿಡುತ್ತೇವೆ ಎಂದರು. ಮಲಕವ್ವ ಉಳಿದ ರೊಟ್ಟಿ ಹಂಚಿದಳು. ಧರೆಪ್ಪ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈಚಾಚಿದ.

“ಮುಂಜಾನೆ ತಿನ್ನದಽ ಹಿಡಕೊಂಡು ಕುಂತಿದ್ದೆಲ್ಲೋ ಅಣ್ಣಾ?”

“ಆಗ ಹಸಿವಿ ಇರಲಿಲ್ಲವ್ವಾ.”

“ದೊಡ್ಡ ಮನಿಶ್ಯಾ,” ಎಂದ ಮಾಳಸಿದ್ದ ಕಂಬಳಿಯೊಳಗಿಂದ. “ಬಾಗಲಾ ಒಂದ ತಪ್ಪಿತು.”

“ಬಾಗಲಾ ತಿರುವಿದಾಂವ ನಾ ಮಾಳಸಿದ್ದಾ,” ಎಂದ ಧರೆಪ್ಪ ರೊಟ್ಟಿ ಅಗಿಯುತ್ತ. “ನಕಾಶೆ ಉಲ್ಟಾ ಹಿಡದೆ. ಸಾಹೇಬ್ರು ನನ್ನ ಉಳಿಸಾಕ ಸುಳ್ಳ ಹೇಳಿದ್ರು.”

ಮಾಳಸಿದ್ದನ ಕಂಬಳಿ ಅಲುಗಾಡತೊಡಗಿತು. ಮುದುಕ ನಗುತ್ತಿದ್ದ.

“ಹದಿನಾಲ್ಕ ವರ್ಷ ಆ ದೇವರಂಥಾ ಮನಿಶ್ಯಾನ್ನ ಬೈದೀನಲ್ಲೋ ಗೌಂಡಿ. ನಾಳಿಂದ ನಿನ್ನ ಬೈತೀನಿ.”

“ಬೈಯಿ.”

“ಬೈಗಳಾ ಸಾಹೇಬ್ರೂ ತಿಂದಾರ, ನೀನೂ ತಿನ್ನು,” ಎಂದಳು ಮಲಕವ್ವ. “ಆದ್ರ ತಂಪೈತಿ ಬಿಡು ಮನಿ. ಅದು ಅವರ ಶಾಣ್ಯಾತನಾ.”

“ಹೌದವ್ವಾ, ಅದು ಅವರದಽ,” ಎಂದ ಧರೆಪ್ಪ.

ಸಾಹೇಬರು ಸೂರ್ಯನನ್ನು ಮರೆತು ಬರೆದಿದ್ದರು ಎಂಬುದನ್ನು ಅವನು ಆ ದಿನವೂ ಹೇಳಲಿಲ್ಲ, ಮುಂದೆಯೂ ಯಾರಿಗೂ ಹೇಳಲಿಲ್ಲ.